ಬರಿಗೈ ತಗ್ಗು

ಹಿಮದಲ್ಲಿ ತಣ್ಣಗಿದ್ದು, ಸಾಧುಗಳ ಆರದ ಬೆಂಕಿಯಾದ ಧುನಿಯ ಬೂದಿಯಲ್ಲಿ ಬೆಚ್ಚಗಿರುವ ಪರಶಿವನಿಗೆ ಮೊದಲ ಶರಣು. ಆಡುವ ನಾಲಿಗೆ ಅವನದು, ತಪ್ಪಿದರೆ ತಪ್ಪು ನನ್ನದು.

ಹಿಮವಂತನ ಮಡಿಲಲ್ಲಿ, ಮರಗಳು ಬೆಳೆಯಲಾರದೆ ನಿಂತುಬಿಡುವ ಎತ್ತರದಲ್ಲಿ, ಕಲ್ಲಿನ ಒಂದು ಸಣ್ಣ ಶಿವಾಲಯವಿದೆ. ನಮ್ಮ ಕಡೆಯ ಜಂಗಮರು ಅಲ್ಲಿಗೆ ಪೂಜೆಗೆ ಹೋಗುವುದು ಹಿರಿಯರಿಂದ ಬಂದ ವಾಡಿಕೆ. ಗುಡಿಯ ಹಿಂದೆ ಹುಲ್ಲುಗಾವಲು. ನೆಲ ಒಂದೇ ಆದರೂ ಅಲ್ಲಿ ಎಲ್ಲ ಗಿಡಕ್ಕೂ ಒಂದೇ ಕಾಲವಿಲ್ಲ. ದಿಬ್ಬದ ನೆತ್ತಿಯಲ್ಲಿ ಗಾಳಿ ಹಿಮವನ್ನು ನಿಲ್ಲಗೊಡದು, ಆದ್ದರಿಂದ ಅಲ್ಲಿ ಕಲ್ಲನ್ನು ಅಪ್ಪಿಕೊಂಡ ಗಂಟುಗಿಡಗಳು ಮಾತ್ರ. ಬಿಸಿಲು ಬೀಳುವ ಇಳಿಜಾರಿನಲ್ಲಿ ಹಿಮ ಬೇಗ ಕರಗಿ ಹಳದಿ ಹೂ ಬರುತ್ತದೆ. ನೆರಳಿನ ಮಗ್ಗುಲಲ್ಲಿ ತಡವಾಗಿ ನೀಲಿ ಹೂ. ಎಲ್ಲಕ್ಕಿಂತ ಕೆಳಗೆ ಒಂದು ತಗ್ಗು. ಸುತ್ತಲಿನ ಹಿಮವೆಲ್ಲ ಅಲ್ಲಿ ಕೂಡಿ, ಭಾದ್ರಪದ ಹತ್ತಿರವಾದಾಗ ಕೊನೆಗೆ ಕರಗುತ್ತದೆ. ಆಗ ಎಳೆ ಹುಲ್ಲೂ, ನಮ್ಮ ತುಂಬೆಯನ್ನೇ ಹೋಲುವ ಬಿಳಿ ಹೂವೂ ಏಳುತ್ತವೆ. ಆ ತಗ್ಗಿಗೇ ಬರಿಗೈ ತಗ್ಗು ಎಂದು ಹೆಸರು. ಹೂ ತುಂಬಿದ ತಾವಿಗೆ ಇಂಥ ಹೆಸರೇಕೆ ಎಂದು ಕೇಳದ ಯಾತ್ರಿಕರಿಲ್ಲ.

ಹಿಂದೆ ಒಮ್ಮೆ ಗದಗಿನ ಸೀಮೆಯ ಗದಿಗೆಯ್ಯ ಎಂಬ ಜಂಗಮ ಅಲ್ಲಿ ಪೂಜೆಗಿದ್ದನಂತೆ. ಒಳ್ಳೆಯವನು, ನಿಷ್ಠಾವಂತ. ಆ ವರ್ಷ ಅವನ ವೃದ್ಧ ಗುರುಗಳು ಶ್ರಾವಣದ ಮೊದಲ ಸೋಮವಾರಕ್ಕೆ ಬರುತ್ತೇವೆಂದು ಹೇಳಿಕಳಿಸಿದ್ದರು. ಊರಿನಲ್ಲಿ ಅವರು ತುಂಬೆ ಏರಿಸದೆ ಪೂಜೆ ಮುಗಿಸಿದವರಲ್ಲ. ಆ ತಗ್ಗಿನ ಹೂವನ್ನು ಗುರುಗಳ ಕೈಗಿಡಬೇಕು, ಅವರು 'ಭೇಷ್ ಮಗನೇ' ಎನ್ನಬೇಕು ಎಂಬ ಆಸೆ ಗದಿಗೆಯ್ಯನಿಗೆ ಹತ್ತಿತು. ಆದರೆ ಶ್ರಾವಣಕ್ಕೆ ತಗ್ಗಿನ ಹಿಮ ಕರಗಿರುವುದಿಲ್ಲ. ಗುಡಿಯ ಹಿಂದೆ ಧುನಿಯ ಬೂದಿ ಚೆಲ್ಲಿದ ಕಡೆ ಹಿಮ ಬೇಗ ಕುಸಿಯುವುದನ್ನು ಅವನು ಕಂಡಿದ್ದ. ಶಿವನೇ ದಾರಿ ತೋರಿಸಿದ ಎಂದುಕೊಂಡ. ಜ್ಯೇಷ್ಠದಲ್ಲಿ ಬುಟ್ಟಿ ಬುಟ್ಟಿ ಬೂದಿ ಹೊತ್ತು ತಗ್ಗಿಗೆ ಇಳಿದ.

ಅಲ್ಲಿ ಸೌಣಿ ಎಂಬ ಕುರಿಗಾರ್ತಿ ಕುರಿ ಮೇಯಿಸುತ್ತಿದ್ದಳು. ಹಿಮ ಹಿಂದೆ ಸರಿದಂತೆ ಅದರ ಅಂಚಿನ ಎಳೆ ಹುಲ್ಲಿನ ಬೆನ್ನು ಹತ್ತಿ ಮೇಲೇರುವುದು ಕುರಿಗಾರರ ಪದ್ಧತಿ. ಎಲ್ಲ ಕಡೆ ಹುಲ್ಲು ಬಲಿತು ಒರಟಾದಾಗ, ಶ್ರಾವಣದಿಂದ ತಗ್ಗಿನ ಅಂಚಿನಲ್ಲಿ ತಡವಾಗಿ ಏಳುವ ಹುಲ್ಲೇ ಮರಿ ಹಾಕಿದ ಕುರಿಗಳಿಗೆ ಹಾಲು ಕೊಡುವಂಥದು.

"ಏನು ಮಹಾರಾಜ್, ಹಿಮಕ್ಕೂ ದೀಕ್ಷೆ ಕೊಡುತ್ತೀರಾ?" ಎಂದು ಅವಳು ನಕ್ಕಳು. "ನಮ್ಮತ್ತೆ ಹಿಮ ತಾನಾಗಿ ಹೋಗಲಿ ಎನ್ನುತ್ತಿದ್ದಳು. ಬೂದಿಯ ಮಾತು ಆಡಿರಲಿಲ್ಲ."

"ಇದು ಬೂದಿಯಲ್ಲವ್ವಾ, ವಿಭೂತಿ," ಎಂದ ಗದಿಗೆಯ್ಯ. "ಶಿವನ ಅಪ್ಪಣೆಯಾಗಿದೆ. ನಿನ್ನ ಕುರಿಗಳಿಗೂ ಹುಲ್ಲು ಬೇಗ ಬರುತ್ತದೆ."

"ಶಿವನೇ ಹೇಳಿದ ಮೇಲೆ ನನ್ನದೇನು," ಎಂದಳು ಸೌಣಿ. ಮರುದಿನ ತನ್ನ ಒಲೆಯ ಬೂದಿಯನ್ನೂ ಉಡಿಯಲ್ಲಿ ಕಟ್ಟಿ ತಂದು ಎರಚಿದಳು.

ಬೂದಿಯ ಕಪ್ಪು ಬಿಸಿಲನ್ನು ಹಿಡಿಯಿತು. ಹಿಮ ಕುಸಿದು, ನೀರು ಒಮ್ಮೆಲೇ ನುಗ್ಗಿ, ನಡುವಿನ ಮಣ್ಣನ್ನೂ ಬಳಿದುಕೊಂಡು ಹೋಯಿತು. ಅಂಚಿನಲ್ಲಿ ಮೊಳಕೆ ಕಂಡಾಗ ಗದಿಗೆಯ್ಯ ಕಣ್ಣೊರೆಸಿಕೊಂಡನಂತೆ. ಆಮೇಲೆ ಒಂದು ಸಂಜೆ ಮೋಡ ಹರಿದು ಆಕಾಶ ಬೋಳಾಯಿತು. ಬೆಳಗಾಗುವಷ್ಟರಲ್ಲಿ ಮೊಳಕೆಗಳೆಲ್ಲ ಕುದಿನೀರು ಬಿದ್ದ ಸೊಪ್ಪಿನಂತೆ ಕಪ್ಪಾಗಿದ್ದವು. ಅವುಗಳನ್ನು ಕಾಯುತ್ತಿದ್ದ ಹಿಮದ ಹೊದಿಕೆಯನ್ನು ಅವನೇ ಎಳೆದುಬಿಟ್ಟಿದ್ದ. ಚಳಿ ತನ್ನ ಕೆಲಸ ಮಾಡಿತ್ತು.

ಶ್ರಾವಣದಲ್ಲಿ ಗುರುಗಳು ಡೋಲಿಯಲ್ಲಿ ಬಂದರು. ಸೌಣಿಯೂ ಅಭಿಷೇಕಕ್ಕೆ ಹಾಲು ತಂದಿದ್ದಳು, ತಂಬಿಗೆಯ ತಳ ಮುಚ್ಚುವಷ್ಟೇ. ಅವಳ ಕುರಿಗಳು ತಗ್ಗನ್ನು ಮೂಸಿ ತಿರುಗಿ ಬಂದಿದ್ದವು. ಎಳೆಯ ಮರಿಗಳು ಒಂದೊಂದಾಗಿ ಸಾಯತೊಡಗಿದ್ದವು.

"ಇಲ್ಲಿ ತುಂಬೆಯಂಥ ಹೂವಿದೆಯಂತಲ್ಲೋ ಗದಿಗೆಯ್ಯಾ," ಎಂದರು ಗುರುಗಳು.

ಅವನು ಬಾಯಿ ತೆರೆದ. ಅಷ್ಟರಲ್ಲಿ ಸೌಣಿ, "ಈ ವರ್ಷ ಹಿಮ ಕಡಿಮೆ ಬಿತ್ತು ಸ್ವಾಮೀಜಿ, ಹೂ ಏಳಲಿಲ್ಲ. ಮಹಾರಾಜರು ಬಹಳ ಹುಡುಕಿದರು," ಎಂದಳು.

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಯಾರ ಮರಿಗಳು ಸಾಯುತ್ತಿದ್ದವೋ ಅವಳೇ ಅವನ ಮಾನಕ್ಕೆ ಸೆರಗು ಹೊದಿಸಿದಾಗ ಅವನ ತಲೆ ನೆಲ ನೋಡಿತು. "ಸುಳ್ಳು ಗುರುಗಳೇ," ಎಂದ. "ಹಿಮ ಬೇಕಾದಷ್ಟಿತ್ತು. ನಾನು ಬೂದಿ ಎರಚಿ ಕರಗಿಸಿದೆ. ಶಿವ ನನಗೇನೂ ಹೇಳಿರಲಿಲ್ಲ. ನನ್ನ ಆಸೆಗೆ ಅವನ ಹೆಸರಿಟ್ಟೆ. ಈ ತಾಯಿ ನಂಬಿದಳು."

ಗುರುಗಳು ತಂಬಿಗೆಯನ್ನು ಸೌಣಿಯ ಕೈಗೆ ಹಿಂದಕ್ಕೆ ಕೊಟ್ಟರು. "ಆ ಹಾಲು ಮರಿಗಳಿಗೆ ಹೋಗಲಿ. ನೀನು ಬರಿಗೈಯಲ್ಲೇ ಪೂಜೆ ಮಾಡು. ಶಿವನು ಆ ಕೈಯನ್ನೂ ನೋಡಲಿ," ಎಂದರಂತೆ. ಗದಿಗೆಯ್ಯ ಲಿಂಗದ ಮುಂದೆ ಎರಡು ಅಂಗೈ ಬಿಚ್ಚಿ ನಿಂತ. ಗೆರೆಗಳಲ್ಲಿ ಇನ್ನೂ ಬೂದಿಯಿತ್ತು ಎನ್ನುತ್ತಾರೆ. ಸೌಣಿ ಅವಧಿಗೆ ಮುಂಚೆಯೇ ಮಂದೆ ಇಳಿಸಬೇಕಾಯಿತು. ನಡೆಯಲಾರದ ಮರಿಯೊಂದನ್ನು ಹೆಗಲ ಮೇಲೆ ಹೊತ್ತು ಗದಿಗೆಯ್ಯ ಅವಳ ಹಿಂದೆ ನಡೆದ. ದಾರಿಯುದ್ದಕ್ಕೂ ಅವಳು ಒಂದು ನಿಷ್ಠುರದ ಮಾತೂ ಆಡಲಿಲ್ಲ. ಮರಿ ಬದುಕಿತೋ ಇಲ್ಲವೋ, ಹೇಳಿದವರಿಲ್ಲ. ಬದುಕಿರುವವರೆಗೆ ಅವನು ಆ ಗುಡಿಯಲ್ಲಿ ತನ್ನ ಕೈಯಿಂದ ಹೂ ಏರಿಸಲಿಲ್ಲವಂತೆ.

ಇಂದಿಗೂ ತಗ್ಗಿನ ಅಂಚಿಗೆ ಹೋಗುವವರು ತೊರೆಯಲ್ಲಿ ಅಂಗೈ ತೊಳೆದು, ಹೂ ಕೀಳದೆ, ಕೈ ಬಿಚ್ಚಿ ನಿಂತು ಬರುತ್ತಾರೆ. ಸುತ್ತಲೂ ಬಿಳಿ ಹೂವು ಹಾಸಿರುತ್ತದೆ. ಮಣ್ಣು ಕೊಚ್ಚಿಹೋದ ನಡುವಿನಲ್ಲಿ ಮಾತ್ರ ದಿಬ್ಬದ ಗಂಟುಗಿಡಗಳೇ ಇಳಿದು ಕಲ್ಲನ್ನು ಅಪ್ಪಿಕೊಂಡಿವೆ. ಅಂಚಿನ ಹೂ ವರ್ಷವರ್ಷವೂ ಒಂದಿಷ್ಟು ಒಳಗೆ ಬರುತ್ತಿದೆ ಎಂದು ಕುರಿಗಾರರು ಹೇಳುತ್ತಾರೆ; ನೋಡಿದರೆ ಹಾಗೆ ಕಾಣುವುದಿಲ್ಲ. ನಾವು ನಂಬುತ್ತೇವೆ.

ಕೇಳಿದ ನಿಮಗೆಲ್ಲ ಶಿವನು ಕಾಯುವ ತಾಳ್ಮೆ ಕೊಡಲಿ. ನಿಮ್ಮ ಮನೆಯ ಹಾಲು ಬತ್ತದಿರಲಿ. ತಲೆ ತಗ್ಗಿಸಬೇಕಾದ ದಿನ ಬಂದರೆ, ತಗ್ಗಿಸುವ ಬಲವನ್ನೂ ಅವನೇ ಕೊಡಲಿ.