ಫಕೀರವ್ವ ಮಡಚದ ಅಂಚು

ಈ ಕತೆಯನ್ನು ಮೊದಲು ಹೇಳಿದವಳು ನಮ್ಮ ದೊಡ್ಡವ್ವ ಚಂಪವ್ವ. ಅವಳಿಗೆ ಅವಳ ಅತ್ತೆ ಹೇಳಿದ್ದಳಂತೆ. ಆ ಅತ್ತೆಗೆ ಹೇಳಿದವರು ಯಾರೋ, ಹೊಳೆಗೇ ಗೊತ್ತು. ಎಷ್ಟು ಸಲ ಹೇಳಿದರೂ ದೊಡ್ಡವ್ವ ಎದೆ ಮೇಲೆ ಕೈಯಿಟ್ಟುಕೊಂಡೇ ಹೇಳುತ್ತಿದ್ದಳು, ನಿನ್ನೆ ತಾನೇ ಕಣ್ಣಾರೆ ಕಂಡವಳ ಹಾಗೆ.

ಬಹಳ ಹಿಂದೆ, ಹೊಳೆ ಇನ್ನೂ ತನ್ನ ಮನಸ್ಸಿಗೆ ಬಂದ ಕಡೆ ಹರಿಯುತ್ತಿದ್ದ ಕಾಲದಲ್ಲಿ, ದಂಡೆಯ ಒಂದೂರಲ್ಲಿ ಫಕೀರವ್ವ ಅಂತ ಹಳೇ ಬಟ್ಟೆ ಜೋಡಿಸಿ ಕೌದಿ ಹೊಲಿಯುವವಳಿದ್ದಳಂತೆ. ಆ ಊರಲ್ಲಿ ಕೂಸಿನ ಮೊದಲ ಕೌದಿಗೆ ಬಣ್ಣದ ಬಟ್ಟೆ ಹಾಕುವಂತಿರಲಿಲ್ಲ, ದೃಷ್ಟಿಯಾಗುತ್ತದೆ. ಹಳೇ ಬಿಳಿ ಧೋತರದಲ್ಲೇ ಹೊಲಿಯಬೇಕು. ಮೂಲೆಯಲ್ಲಿ ಮಾತ್ರ ಅಂಗೈಯಗಲದ ಗುರುತಿನ ಪಟ್ಟಿ. ಓದುಬರಹ ಕಾಣದ ಊರು, ಹಾಗಾಗಿ ಮನೆಗೊಂದು ಚಿತ್ರ. ಒಂದು ಮನೆಗೆ ಚೇಳು, ಇನ್ನೊಂದಕ್ಕೆ ನವಿಲು.

ಚೇಳಿನ ಮನೆಗೂ ನವಿಲಿನ ಮನೆಗೂ ಹೊಲದ ಬದುವಿನ ಜಗಳ. ಒಲೆ ಆರಿದರೂ ಒಬ್ಬರ ಮನೆಯ ಕೆಂಡ ಇನ್ನೊಬ್ಬರು ಮುಟ್ಟುತ್ತಿರಲಿಲ್ಲವಂತೆ. ಅಂಥ ಮನೆಗಳ ಸೊಸೆಯರು, ಚೇಳಿನ ಮನೆಯ ನೀಲವ್ವ, ನವಿಲಿನ ಮನೆಯ ಗಿರೆವ್ವ, ಒಂದೇ ದಿನ ಹಡೆದರು. ಎರಡೂ ಹೆಣ್ಣು. ಎರಡೂ ಮನೆಯವರು ಫಕೀರವ್ವನ ಕಟ್ಟೆಗೆ ಓಡಿಬಂದರು.

"ಏ ಫಕೀರಿ, ಚೇಳು ಕುಟುಕೂದ್ರೊಳಗ ನಮ್ಮದು ಮುಗಸು!"

"ನವಿಲು ಕುಣಿದ ಮ್ಯಾಲನ ಚೇಳಿನ ಪಾಳಿ!"

ಫಕೀರವ್ವನಿಗೆ ತಲೆ ಚಿಟ್ಟುಹಿಡಿಯಿತು. ಕೌದಿಗಳನ್ನೇನೋ ಗಟ್ಟಿಯಾಗೇ ಹೊಲಿದಳು. ಪಟ್ಟಿಯ ಹೊತ್ತಿಗೆ ಕೈ ಸೋತಿತ್ತು, ಕಟ್ಟೆ ಮುಂದೆ ಬೈಗುಳ ನಿಂತಿರಲಿಲ್ಲ. ಕೂಸಿನ ಬಟ್ಟಿ, ಯಾರು ಅಂಚು ನೋಡ್ತಾರ, ಅಂದುಕೊಂಡಳು. ಕತ್ತರಿಸಿದ ಅಂಚನ್ನು ಒಳಗೆ ಮಡಚದೆ, ಸುತ್ತ ಉದ್ದುದ್ದ ಹೊಲಿಗೆ ಹಾಕಿ, ಎರಡನ್ನೂ ಕೊಟ್ಟು ಕಳಿಸಿದಳು.

ಮರುದಿನ ಹೊತ್ತು ನೆತ್ತಿಗೇರುವಾಗ ಹೊಳೆ ಊರೊಳಗೆ ಬಂತಂತೆ. ದಾಟುವಾಗ ಹಸುಗೂಸು ಮೊದಲು, ಬಾಣಂತಿ ಆಮೇಲೆ, ಅದು ಆ ಊರಿನ ಕಟ್ಟಳೆ. ಸೂಲಗಿತ್ತಿ ಬಾಳವ್ವ ಎರಡೂ ಕೂಸನ್ನು ಎದೆಗವಚಿ ಹರಿಗೋಲು ಹತ್ತಿದಳು. ನಡುಹೊಳೆಯಲ್ಲಿ ಹರಿಗೋಲಿಗೆ ನೀರು ನುಗ್ಗಿತು. ಆಚೆ ದಂಡೆಯವರು ಈಜಿಬಂದು ಕೌದಿಯ ಮೂಲೆ ಮೂಲೆ ಹಿಡಿದು ಜಗ್ಗಿ ಎಳೆದುಕೊಂಡರು. ಕೂಸುಗಳು ಬದುಕಿದವು.

ಹಿಂದೆಯೇ ಇನ್ನೊಂದು ಹರಿಗೋಲಲ್ಲಿ ತಾಯಂದಿರು ಬಂದಿಳಿದರು, ಫಕೀರವ್ವನೂ ಬಂದಳು. ನೋಡಿದರೆ ಎರಡೂ ಕೌದಿ ಬಿಳಿ. ಮೂಲೆಯಲ್ಲಿ ಚೇಳೂ ಇಲ್ಲ, ನವಿಲೂ ಇಲ್ಲ. ಎಳೆ ಬಿಟ್ಟ ಅಂಚು ಹೊಲಿಗೆಯಿಂದ ಜಾರಿ ಪಟ್ಟಿ ಹೊಳೆ ಪಾಲಾಗಿತ್ತು. ಪಟ್ಟಿ ಇದ್ದ ಜಾಗದಲ್ಲಿ ಬರೀ ದಾರ ನೇತಾಡುತ್ತಿತ್ತು.

ದಂಡೆಯ ಮೇಲಿದ್ದವರೆಲ್ಲ ಸುತ್ತುವರಿದರಂತೆ. ಬಾಳವ್ವನನ್ನು ಕೇಳಿದರೆ, ಅವಳ ಕಣ್ಣಿಗೆ ಪರೆ ಬಂದು ಯಾವ ಕಾಲವೋ. "ನನ್ನ ಕೈಗೆ ಎರಡೂ ಒಂದ ತೂಕ ಬರ್ತಾವ ಯವ್ವಾ," ಅಂದಳು. ತಾಯಂದಿರು ಕತ್ತಲ ಕೋಣೆಯ ಹಣತೆ ಬೆಳಕಲ್ಲಿ ಕಂಡ ಮುಖಗಳು ಅವು. ಇಬ್ಬರೂ ಒಂದೇ ಕೂಸಿಗೆ ಬೆರಳು ಮಾಡಿದರು. ಇನ್ನೊಮ್ಮೆ ನೋಡಿ, ಇಬ್ಬರೂ ಇನ್ನೊಂದಕ್ಕೆ ಮಾಡಿದರು. ಹೆಣ್ಣು ಕೂಸಲ್ಲವೇ, ಯಾರಾದರೊಬ್ಬರು ಯಾವುದೋ ಒಂದಕ್ಕೆ ಒಪ್ಪಿಯಾರು ಅಂದುಕೊಂಡಿದ್ದರಂತೆ ಹಿರಿಯರು. ಯಾರೂ ಒಪ್ಪಲಿಲ್ಲ.

ಊರ ಗೌಡ ಫಕೀರವ್ವನ ಕಡೆ ತಿರುಗಿದ. "ಹೊಲಿಗಿ ನಿಂದು. ದಾರ ನೋಡಿ ನೀನ ಹೇಳು."

ಫಕೀರವ್ವ ದಾರ ಮುಟ್ಟಿ ನೋಡಿದಳು. ಒಂದೇ ಉಂಡೆಯ ದಾರ. ಸುಮ್ಮನೆ ಒಂದು ಕೂಸಿನ ತಲೆ ಸವರಿ, ಇದು ಚೇಳಿಂದು ಅಂದುಬಿಟ್ಟಿದ್ದರೆ ಊರು ನಂಬುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ನಾಲಿಗೆ ತುದಿಗೂ ಬಂದಿತ್ತಂತೆ.

"ನನಗ ಗೊತ್ತಿಲ್ಲರಿ ಗೌಡ್ರ," ಅಂದಳು. "ನಾ ಅಂಚ ಮಡಚಿದ್ದಿಲ್ಲ."

ಗಿರೆವ್ವ ಅವಳ ಕೆನ್ನೆಗೆ ಹೊಡೆದಳು. ಅಷ್ಟರಲ್ಲಿ ಒಂದು ಕೂಸು ಅತ್ತಿತು, ಹಿಂದೆಯೇ ಇನ್ನೊಂದು. ನೀಲವ್ವ ಕೈಗೆ ಸಿಕ್ಕಿದ್ದನ್ನು ಎತ್ತಿ ಸೆರಗಿನೊಳಗೆ ಹಾಕಿಕೊಂಡಳು.

"ಏ ಗಿರಿ, ಅದನ್ನ ನೀ ಎತ್ತಿಗೋ. ಮೊದಲ ಕುಡೀಲಿ, ಜಗಳ ಆಮ್ಯಾಲ ಆಡೋಣು."

ಆ ಆಮ್ಯಾಲ ಇವತ್ತಿಗೂ ಬಂದಿಲ್ಲವಂತೆ. ಎರಡೂ ಹುಡುಗಿಯರು ಎರಡೂ ಮನೆಯಲ್ಲಿ ಉಂಡು, ಎರಡೂ ಮನೆಯಲ್ಲಿ ಬೈಸಿಕೊಂಡು ಬೆಳೆದರು. ಬದುವನ್ನು ಯಾರು ಯಾವಾಗ ಒಡೆದರೋ, ಕತೆ ಹೇಳುವುದಿಲ್ಲ.

ಫಕೀರವ್ವ ಮಾತ್ರ ಊರಿನ ಒಂದೊಂದೇ ಕೌದಿಯ ಪಟ್ಟಿ ಬಿಚ್ಚಿದಳಂತೆ. ಅಂಚನ್ನು ಒಳಗೆ ಮಡಚಿದಳು, ಮಡಚಿದ್ದನ್ನು ಇನ್ನೊಮ್ಮೆ ಮಡಚಿದಳು, ಕತ್ತರಿಸಿದ ಬಾಯಿಗೆ ಗಾಳಿಯೂ ತಾಗದ ಹಾಗೆ ಒತ್ತೊತ್ತಾಗಿ ಹೊಲಿದಳು. ಮೂಲೆಗೆ ಜೋಡಿ ಹೊಲಿಗೆ. ಕೌದಿ ಮಣ್ಣಾದರೂ ಅವಳ ಪಟ್ಟಿ ಉಳಿಯುತ್ತಿತ್ತು ಅಂತಾರೆ. ಮೀನಿನ ಹೊಟ್ಟೆಯಲ್ಲಿ ಒಂದು ನವಿಲಿನ ಪಟ್ಟಿ ಸಿಕ್ಕಿತ್ತು, ಒಂದೆಳೆಯೂ ಬಿಟ್ಟಿರಲಿಲ್ಲ ಅಂತಲೂ ಅಂತಾರೆ. ಮೀನಿನ ಮಾತು ಬಿಡಿ.

ಆದರೆ ಆ ಊರಲ್ಲಿ ಈಗಲೂ ಚೇಳಿನ ಮನೆಗೂ ನವಿಲಿನ ಮನೆಗೂ ಹೆಣ್ಣು ಕೊಟ್ಟು ತರುವುದಿಲ್ಲ. ಯಾರ ರಕ್ತ ಯಾವ ಮನೆಯಲ್ಲಿದೆಯೋ, ಯಾರು ಬಲ್ಲರು? ಹೊಸ ಕೌದಿ ಬಂದಾಗ ತಾಯಿಯಾದವಳು ಪಟ್ಟಿಯ ಅಂಚನ್ನು ಉಗುರಿನಿಂದ ಕೆರೆದು ನೋಡುತ್ತಾಳೆ. ಒಂದೆಳೆ ಬಂದರೂ ಕೂಸನ್ನು ಅದರಲ್ಲಿ ಮಲಗಿಸುವುದಿಲ್ಲ.

ನಿಮ್ಮ ಮನೆಯಲ್ಲೂ ಕೂಸಿದ್ದರೆ ಒಮ್ಮೆ ಕೆರೆದು ನೋಡಿ. ಆಮೇಲೆ ಈ ಕತೆಯನ್ನು ಪಕ್ಕದ ಮನೆಯವರಿಗೂ ಹೇಳಿ. ಮಾತು ಬಿಟ್ಟಿದ್ದರೂ ಸರಿ, ಹೋಗಿ ಹೇಳಿ.