ನೀಲಿ ಕೇಳಿಕೊಂಡು ಹೋದ ಚಿಟ್ಟೆ

ಬನ್ನಿ ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ. ಒಬ್ಬರ ಜುಟ್ಟು ಒಬ್ಬರು ಬಿಡಿ. ಕಥೆ ಸ್ವಲ್ಪ ಕಹಿ ಇದೆ. ಆದರೂ ನುಂಗಬೇಕು.

ಗುಡ್ಡದ ಊರಲ್ಲಿ ಚೋಂದಮ್ಮನ ಮನೆ. ಮನೆ ಮುಂದೆ ಹೈಡ್ರೇಂಜಿಯ ಗಿಡ. ಕುಳ್ಳ ಗಿಡ, ನಿಮ್ಮ ಸೊಂಟದಷ್ಟೇ ಎತ್ತರ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ನೆರಳು, ದಿನಾ ಒಂದು ಕೊಡ ನೀರು. ಮೈತುಂಬ ಹೂವು. ಒಂದೊಂದು ಹೂವೂ ಒಂದೊಂದು ಚೆಂಡು. ಎಲ್ಲ ನೀಲಿ.

ಆ ಹೂವಿನೊಳಗೆ ಒಂದು ನೀಲಿ ಚಿಟ್ಟೆ. ಮೇಲೆ ತಂತಿಯಲ್ಲಿ ಕಾಜಾಣ ಹಕ್ಕಿ. ಹಕ್ಕಿ ಹುಡುಕುತ್ತಿತ್ತು. ನೀಲಿಯೊಳಗೆ ನೀಲಿ, ಚಿಟ್ಟೆ ಕಾಣುತ್ತಿರಲಿಲ್ಲ.

ಒಂದು ದಿನ ಚೋಂದಮ್ಮ ಗೋಡೆಗೆ ಸುಣ್ಣ ಹೊಡೆದಳು. ಉಳಿದ ಸುಣ್ಣವನ್ನು ಗಿಡದ ಬುಡಕ್ಕೆ ಸುರಿದಳು. ಗಿಡ ಸುಣ್ಣ ಕುಡಿಯಿತು. ಹೂವೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತು. ಚಿಟ್ಟೆ ಕಾಣಿಸಿತು. ಕಾಜಾಣ ಎರಗಿತು, ರೆಕ್ಕೆಯ ಅಂಚು ಕಿತ್ತಿತು.

ಚಿಟ್ಟೆ ಗಿಡವನ್ನು ಕೇಳಿತು. ಪಟಿಕದ ನೀರು ಕುಡಿಸಿದರೆ ನೀಲಿ ಬಂದೀತು ಅಂದಿತು ಗಿಡ. ಚಿಟ್ಟೆ ಚೋಂದಮ್ಮನನ್ನು ಕೇಳಿತು. ಗುಲಾಬಿಯೇ ಚೆಂದ, ಕಿಟಕಿಯ ಪರದೆಗೆ ಹೊಂದುತ್ತೆ ಅಂದಳು ಚೋಂದಮ್ಮ.

ಚಿಟ್ಟೆ ಕ್ಷೌರದ ಬೋಜನ ಹತ್ತಿರ ಹೋಯಿತು. ಗಡ್ಡ ಕೆರೆದ ಮೇಲೆ ಕೆನ್ನೆಗೆ ಉಜ್ಜುವ ಪಟಿಕದ ಕಲ್ಲು ಅವನ ಹತ್ತಿರ ಇತ್ತು.

"ಬೋಜಣ್ಣ, ಪಟಿಕ ಕೊಡು. ಗಿಡಕ್ಕೆ ನೀಲಿ ಇಲ್ಲ, ನನಗೆ ಅಡಗಲು ಜಾಗವಿಲ್ಲ."

ಬೋಜ ಕೊಡಲಿಲ್ಲ. ನಿನಗೆ ಗಡ್ಡ ಬರಲಿ, ಆಗ ಬಾ ಅಂದ.

ಚಿಟ್ಟೆ ಸಾಣೆ ಹಿಡಿಯುವ ಅಂತೋಣಿಯ ಹತ್ತಿರ ಹೋಯಿತು.

"ಅಂತೋಣಿಯಣ್ಣ, ಬೋಜನ ಕತ್ತಿಗೆ ಸಾಣೆ ಹಿಡಿಯಬೇಡ. ಬೋಜ ಪಟಿಕ ಕೊಡಲ್ಲ, ಗಿಡಕ್ಕೆ ನೀಲಿ ಇಲ್ಲ, ನನಗೆ ಅಡಗಲು ಜಾಗವಿಲ್ಲ."

ಅಂತೋಣಿ ಒಪ್ಪಲಿಲ್ಲ. ತಿರುಗುವ ಚಕ್ರದಿಂದ ಕಣ್ಣೂ ಎತ್ತಲಿಲ್ಲ.

ಚಿಟ್ಟೆ ಅಂತೋಣಿಯ ಹೆಂಡತಿ ಮೊಂತಿಯ ಹತ್ತಿರ ಹೋಯಿತು.

"ಮೊಂತಿಯಕ್ಕ, ಅಂತೋಣಿಗೆ ಗಂಜಿ ಹಾಕಬೇಡ. ಅಂತೋಣಿ ಸಾಣೆ ನಿಲ್ಲಿಸಲ್ಲ, ಬೋಜ ಪಟಿಕ ಕೊಡಲ್ಲ, ಗಿಡಕ್ಕೆ ನೀಲಿ ಇಲ್ಲ, ನನಗೆ ಅಡಗಲು ಜಾಗವಿಲ್ಲ."

ಮೊಂತಿ ಒಪ್ಪಲಿಲ್ಲ. ಒಂದು ಹುಳಕ್ಕೋಸ್ಕರ ಗಂಡನನ್ನು ಉಪವಾಸ ಕೆಡವಲಾ ಅಂದಳು.

ಚಿಟ್ಟೆ ಮರದ ಮೇಲಿನ ಕೆಂಪು ಚಗಳಿ ಇರುವೆಯ ಹತ್ತಿರ ಹೋಯಿತು.

"ಚಗಳಿ, ಚಗಳಿ, ಮೊಂತಿಯನ್ನು ಕಚ್ಚು. ಮೊಂತಿ ಗಂಜಿ ನಿಲ್ಲಿಸಲ್ಲ, ಅಂತೋಣಿ ಸಾಣೆ ನಿಲ್ಲಿಸಲ್ಲ, ಬೋಜ ಪಟಿಕ ಕೊಡಲ್ಲ, ಗಿಡಕ್ಕೆ ನೀಲಿ ಇಲ್ಲ, ನನಗೆ ಅಡಗಲು ಜಾಗವಿಲ್ಲ."

ಚಗಳಿ ಏನಂದಿತು ಗೊತ್ತಾ?

"ನೀನು ಇದ್ದರೂ ಸರಿ, ಸತ್ತರೂ ಸರಿ. ಆದರೆ ಕಚ್ಚೋದು ಅಂದರೆ ನನಗೆ ಬಲು ಖುಷಿ."

ಚಗಳಿ ಮೊಂತಿಯನ್ನು ಕಚ್ಚಿತು. ಮೊಂತಿ ಗಂಜಿ ನಿಲ್ಲಿಸಿದಳು. ಅಂತೋಣಿ ಸಾಣೆ ನಿಲ್ಲಿಸಿದ. ಬೋಜನ ಕತ್ತಿ ಮೊಂಡಾಯಿತು. ಬೋಜ ಪಟಿಕ ಕೊಟ್ಟ. ಪಟಿಕದ ನೀರನ್ನು ಗಿಡ ಕುಡಿಯಿತು. ಗಿಡಕ್ಕೆ ನೀಲಿ ಬಂತು.

ಬೇಡಿದಾಗ ಯಾರೂ ಕೊಡಲಿಲ್ಲ. ಕಚ್ಚಿದಾಗ ಎಲ್ಲರೂ ಕೊಟ್ಟರು.

ನೀಲಿ ಯಾವಾಗ ಬಂತು ಅಂತ ಕೇಳಿ. ಬಣ್ಣ ಕೆಡಲು ಒಂದು ಬಕೆಟ್ ಸಾಕು, ಮರಳಲು ಒಂದು ವರ್ಷ ಬೇಕು. ಚಿಟ್ಟೆಗೆ ವರ್ಷದ ಆಯುಸ್ಸು ಎಲ್ಲಿಂದ ಬರಬೇಕು? ಹರಿದ ರೆಕ್ಕೆಯಲ್ಲಿ ಎಲೆಯಡಿ ಅಡಗಿ ಅಡಗಿ ದಿನ ಕಳೆಯಿತು. ಬೇಲಿಯಲ್ಲಿ ಮೊಟ್ಟೆ ಇಟ್ಟಿತು. ಹೋಯಿತು.

ಬೋಜ ಉಳಿದ ಪಟಿಕವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಅಂತೋಣಿ ಮತ್ತೆ ಚಕ್ರ ತಿರುಗಿಸುತ್ತಿದ್ದಾನೆ. ಮೊಂತಿ ಕಾಲು ತುರಿಸಿಕೊಳ್ಳುತ್ತಲೇ ಇದ್ದಾಳೆ. ಚಗಳಿ ಇನ್ಯಾರನ್ನು ಕಚ್ಚಲಿ ಅಂತ ನೋಡುತ್ತಿದೆ. ನೀಲಿ ಹೂವು ನನ್ನ ಕೈಗುಣ ಅಂತ ಚೋಂದಮ್ಮ ಊರಿಗೆಲ್ಲ ಹೇಳಿಕೊಂಡು ಬರುತ್ತಾಳೆ. ಚಿಟ್ಟೆಯ ಮಗಳು ತಿಂಗಳುಗಟ್ಟಲೆ ಗೂಡಿನೊಳಗೆ ಮಲಗಿದ್ದು ಈಗ ಹೊರಬಂದು, ಆ ನೀಲಿಯೊಳಗೆ ಹಾಯಾಗಿ ಕೂತಿದೆ. ಈ ಬಣ್ಣ ಎಲ್ಲಿಂದ ಬಂತು ಅಂತ ಅದಕ್ಕೆ ಗೊತ್ತಿಲ್ಲ. ಕೇಳೋಣ ಅಂದರೆ ಅಮ್ಮ ಇಲ್ಲ.