ಸಾಹೇಬರ ಕೈಗೆ ಪಟ್ಟಿ ಕಟ್ಟಿದ ಗವಿಯಪ್ಪ

ಸುಳ್ಳು ಹೇಳಿದರೆ ಮುರಿದ ಕಾಲು ಮತ್ತೆ ಮುರೀಲಿ, ಇದು ನಾನು ಆಸ್ಪತ್ರೆಯಲ್ಲಿ ಮಲಗಿಕೊಂಡು ಕಣ್ಣಾರೆ ಕಂಡದ್ದು. ಯಾವ ಕಾಲು ಮುರಿದಿತ್ತು ಅಂತ ಮಾತ್ರ ಕೇಳಬೇಡಿ, ಒಂದೊಂದು ಸಲ ಒಂದೊಂದು ಹೇಳ್ತೀನಿ.

ಆ ಆಸ್ಪತ್ರೆಯಲ್ಲಿ ಸಾಕಮ್ಮ ಅಂತ ಒಬ್ಬಳು ಆಯಾ. ಅವಳಿಗೊಬ್ಬ ಮಗ, ಗವಿಯಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಲೆ ಮೇಲಿನ ಹಾಲು ನೋಡ್ತಿರು ಅಂದರೆ, ಉಕ್ಕಿ ಒಲೆ ಆರುವ ತನಕ ನೋಡಿದವನು. ನರ್ಸಿಂಗ್ ಹೇಗೆ ಪಾಸಾದನೋ, ಅಲ್ಲೇ ಕೆಲಸಕ್ಕೂ ಸೇರಿದ. ಆದರೆ ಕೆಲಸ ಖಾಯಂ ಆಗಿರಲಿಲ್ಲ. ಜಿಲ್ಲೆಯ ದೊಡ್ಡ ಸಾಹೇಬರು ಬಂದು ಆರ್ಡರಿಗೆ ಸಹಿ ಹಾಕಬೇಕು.

"ಅಲ್ಲೀಗಂಟ ಒಂದೂ ಎಡವಟ್ಟು ಮಾಡಬ್ಯಾಡ ಕಣೋ ಮಗಾ!" ಸಾಕಮ್ಮ ದಿನಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ವಾರ್ಡಿಗೆ ಕಂಪ್ಯೂಟರ್ ಬಂತು. ಗವಿಯಪ್ಪ ಅದರ ಮುಂದೆ ನೋಡಿದ, ಹಿಂದೆ ನೋಡಿದ, ಬಗ್ಗಿ ಮೇಜಿನ ಕೆಳಗೂ ನೋಡಿದ.

"ಸಿಸ್ಟರ್, ಬರೆದಿದ್ದೆಲ್ಲ ಇದರೊಳಗೆ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗಾದ್ರೂ ಹೋಗ್ಲಿ! ಇನ್ಮೇಲೆ ಏನೇ ಇದ್ರೂ ಮೊದಲು ಕಂಪ್ಯೂಟರಿಗೆ ಬರಿ," ಅಂದರು ಹೆಡ್ ಸಿಸ್ಟರ್ ರತ್ನಾಬಾಯಿ.

ನನ್ನ ಪಕ್ಕದ ಹಾಸಿಗೆಯ ಅಜ್ಜ ಕೂಗಿಕೊಂಡ. "ಬ್ರದರ್, ವಾಂತಿ ಬರ್ತಾ ಐತೆ, ಬೇಸಿನ್ ಕೊಡಪ್ಪಾ!"

"ಬರೀತಿದೀನಿ ಅಜ್ಜಾ!"

"ಬಂತೋ!"

"ಕಂಪ್ಯೂಟರಲ್ಲಿ ಚಕ್ರ ಸುತ್ತುತಾ ಇದೆ ಅಜ್ಜಾ, ನಿಲ್ಲಲಿ!"

ಚಕ್ರ ನಿಲ್ಲಲಿಲ್ಲ. ವಾಂತಿಯೂ ನಿಲ್ಲಲಿಲ್ಲ. ಬಿದ್ದದ್ದು ರತ್ನಾಬಾಯಿಯವರ ಬಿಳಿ ಶೂ ಮೇಲೆ.

"ಲೋ ಪೆದ್ದೇ! ಮೊದಲು ರೋಗಿ ಕೇಳಿದ್ದು ಕೊಡು, ಕಂಪ್ಯೂಟರ್ ಆಮೇಲೆ!"

"ಹೂಂ ಸಿಸ್ಟರ್, ಹಂಗೇ ಮಾಡ್ತೀನಿ."

ಹಂಗೇ ಮಾಡಿದ. ಆಪರೇಷನ್ನಿಗೆಂದು ಖಾಲಿ ಹೊಟ್ಟೆಯಲ್ಲಿದ್ದ ಮೇಷ್ಟರೊಬ್ಬರು "ಹಸಿವಪ್ಪಾ" ಅಂದರು. ಕೇಳಿದ್ದೇ ತಡ, ತಟ್ಟೆ ತುಂಬ ಉಪ್ಪಿಟ್ಟು ಕೊಟ್ಟ. ಆಮೇಲೆ ಕಂಪ್ಯೂಟರ್ ನೋಡಿದ. ಬಾಯಿಗೆ ಏನೂ ಕೊಡಬಾರದು ಅಂತಿತ್ತು! ಆಪರೇಷನ್ ಮುಂದಕ್ಕೆ ಹೋಯಿತು. ಮೇಷ್ಟರು ಮಾತ್ರ "ಉಪ್ಪಿಟ್ಟು ಚೆನ್ನಾಗಿತ್ತು" ಅಂದರು.

"ಅಯ್ಯೋ ನಿನ್ನ! ಯಾರಿಗೇ ಏನೇ ಕೊಡೋಕೆ ಮುಂಚೆ ಅವರ ಕೈಗೆ ಕಟ್ಟಿರೋ ಹೆಸರಿನ ಪಟ್ಟಿಗೆ ಕಂಪ್ಯೂಟರಿನ ಮೆಷಿನ್ ಹಿಡಿ. ಟುಯ್ ಅಂದ್ರೆ ಕೊಡು. ಕಂಪ್ಯೂಟರ್ ಹೇಳಿದ್ದೇ ನಿಜ, ನಿನ್ನ ಕಣ್ಣನ್ನ ನಂಬಬೇಡ!"

"ಹೂಂ ಸಿಸ್ಟರ್, ಹಂಗೇ ಮಾಡ್ತೀನಿ."

ಕೊನೆಗೂ ಸಾಹೇಬರು ಬಂದರು. ಬಿಸಿಲಿಗೆ ಬೆವೆತು, "ಒಂದು ಲೋಟ ನೀರು ಕೊಡಪ್ಪ," ಅಂದರು.

"ಕೈ ತೋರಿಸಿ ಸಾರ್. ಅಯ್ಯೋ, ಪಟ್ಟಿ ಇಲ್ವಲ್ಲ ಸಾರ್!"

"ಏನಯ್ಯಾ ಅದು ಪಟ್ಟಿ?" ಸಾಹೇಬರಿಗೂ ಕುತೂಹಲ. ಕೈ ಚಾಚಿದರು.

ಗವಿಯಪ್ಪ ಹೆಸರು ಬರೆದ, ಪಟ್ಟಿ ಕಟ್ಟಿದ. ಹಾಸಿಗೆ ಯಾವುದು ಅಂತ ಕಂಪ್ಯೂಟರ್ ಕೇಳಿತು. ಖಾಲಿ ಇದ್ದದ್ದು ಹೆರಿಗೆ ವಾರ್ಡಿನಲ್ಲಿ. ಅಲ್ಲಿಗೇ ಹಾಕಿದ. ಟುಯ್ ಅಂತು. ನೀರು ಕೊಟ್ಟ.

ಸಾಹೇಬರು ಲೋಟ ಕೆಳಗಿಡುವಷ್ಟರಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಸಾಕಮ್ಮ ಓಡಿ ಬಂದಳು. "ಹೆರಿಗೆ ವಾರ್ಡಿಗೆ ಯಾರೋ ಹೊಸಬರು ಬಂದವ್ರಂತೆ! ನೋವು ಸುರುವಾಯ್ತಾ?"

ರತ್ನಾಬಾಯಿ ಹಲ್ಲು ಕಡಿದರು. "ಈಗಿಂದೀಗಲೇ ಸಾಹೇಬರನ್ನ ಕಂಪ್ಯೂಟರಿಂದ ಆಚೆ ಕಳಿಸೋ!"

"ಹೂಂ ಸಿಸ್ಟರ್, ಹಂಗೇ ಮಾಡ್ತೀನಿ."

ಕಂಪ್ಯೂಟರ್ ಬಿಡಬೇಕಲ್ಲ? ಮನೆಗೆ ಕಳಿಸೋಕೆ ಡಾಕ್ಟರ ಸಹಿ ಬೇಕು ಅಂತು. ಬೇರೆ ಆಸ್ಪತ್ರೆಗೆ ಕಳಿಸೋಕೆ ಆಂಬ್ಯುಲೆನ್ಸ್ ನಂಬರ್ ಬೇಕು ಅಂತು. ಅದರ ಕೆಳಗೆ ಇನ್ನೊಂದು ದಾರಿ ಇತ್ತು. ಅದು ಏನನ್ನೂ ಕೇಳಲಿಲ್ಲ. ಗವಿಯಪ್ಪ ಅದನ್ನೇ ಒತ್ತಿದ.

ಇತ್ತ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಹೇಳಿದ ಮಾತು ಇಷ್ಟು ಪಾಲಿಸೋ ಹುಡುಗನ್ನ ನಾನು ಕಂಡಿಲ್ಲ! ತನ್ನಿ ಆರ್ಡರು." ದೊಡ್ಡದಾಗಿ ಸಹಿ ಹಾಕಿದರು. ಸಾಕಮ್ಮನಿಗೆ ಅಳುವೇ ಬಂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ತಗೊಳ್ಳಪ್ಪ, ಕೆಲಸ ಖಾಯಂ!"

ಗವಿಯಪ್ಪ ಸಹಿ ನೋಡಿದ. ಸಾಹೇಬರ ಕೈಪಟ್ಟಿಗೆ ಮೆಷಿನ್ ಹಿಡಿದ. ಕಂಪ್ಯೂಟರ್ ನೋಡಿದ. ಆರ್ಡರನ್ನು ಮೆಲ್ಲಗೆ ವಾಪಸ್ ಕೊಟ್ಟ.

"ಇದು ನಡೆಯಲ್ಲ ಸಾರ್. ನೀವು ಆಗಲೇ ತೀರಿಕೊಂಡಿದ್ದೀರಿ."

ಆಮೇಲೆ ತಾಯಿಯ ಬೆನ್ನು ಸವರಿದ. "ಅಳಬ್ಯಾಡ ಕಣವ್ವ. ನೀರು ಕುಡ್ಕೊಂಡೇ ಹೋದ್ರು."